ನಿಷ್ಠೆ ಯಾರಿಗೆ? — ಚೀನದ ಮಂತ್ರಿ ಷುನ್ ಯೂ ಬಾಳಿನಿಂದ ಒಂದು ಪಾಠ

(ಕಾರ್ಯಕರ್ತರ ಅಧ್ಯಯನ ಶಿಬಿರದ ಎರಡನೆಯ ದಿನ ಮಾಡಿದ ಭಾಷಣ)

ನಿನ್ನೆ ಸಂಜೆಯ ಚರ್ಚೆಯಲ್ಲಿ ನಮ್ಮ ಕಿರಿಯ ಗೆಳೆಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ನಾಯಕನ ಮಾತನ್ನು ಒಪ್ಪದ ಕಾರ್ಯಕರ್ತನನ್ನು ನಿಷ್ಠಾವಂತನೆನ್ನಬೇಕೆ, ದ್ರೋಹಿಯೆನ್ನಬೇಕೆ ಎಂಬುದು ಅವರ ಪ್ರಶ್ನೆ. ಊಟಕ್ಕೆ ಎಲೆ ಹಾಕಿದ ಮೇಲೂ ವಾದ ನಿಲ್ಲಲಿಲ್ಲ. ಒಬ್ಬರು ಭೀಷ್ಮನನ್ನು ತಂದರು, ಒಬ್ಬರು ವಿದುರನನ್ನು ತಂದರು, ಮತ್ತೊಬ್ಬರು ಉಪ್ಪಿನ ಋಣ ತೀರಿಸಿದ ಕರ್ಣನೇ ದೊಡ್ಡವನೆಂದು ಪಟ್ಟು ಹಿಡಿದರು. ಹನ್ನೊಂದು ಗಂಟೆಗೆ ದೀಪ ಆರಿಸಿದಾಗ ಮೂವರೂ ತಮ್ಮ ತಮ್ಮ ಜಾಗದಲ್ಲೇ ಇದ್ದರು.

ಇಂದು ನಮ್ಮ ಪಾಲಿಗೆ ಬಂದಿರುವುದು ಏಷ್ಯದ ಇತಿಹಾಸದಿಂದ ಒಂದು ಪಾಠ. ಆ ಪ್ರಶ್ನೆಯನ್ನು ಬಿಟ್ಟು ಬೇರೆ ಪಾಠ ಹೇಳಲು ಮನಸ್ಸಾಗಲಿಲ್ಲ. ಆದ್ದರಿಂದ ಚೀನದ ಒಬ್ಬ ಮಂತ್ರಿಯ ಕಥೆಯನ್ನು ನಿಮ್ಮ ಮುಂದಿಡುತ್ತೇವೆ. ಸುಮಾರು 1800 ವರ್ಷಗಳ ಹಿಂದಿನ ಕಥೆ. ಹೆಸರುಗಳು ನಾಲಿಗೆಗೆ ಹೊಸವು, ಹೆದರಬೇಡಿ. ಮೂರು ಹೆಸರು ನೆನಪಿದ್ದರೆ ಸಾಕು. ಮಂತ್ರಿಯ ಹೆಸರು ಷುನ್ ಯೂ. ಅವನ ಒಡೆಯ ತ್ಸಾವ್ ತ್ಸಾವ್. ಒಡೆಯನ ಎದುರಾಳಿ ಯುವಾನ್ ಷಾವ್. ಉಳಿದವರು ಬಂದು ಹೋಗುವವರು.

ಮೊದಲು ಕಾಲವನ್ನು ನೋಡೋಣ. ಚೀನದಲ್ಲಿ ಹಾನ್ ವಂಶದ ಚಕ್ರಾಧಿಪತ್ಯ, ನಡುವೆ ಒಮ್ಮೆ ತಡೆಬಿದ್ದರೂ, ಸುಮಾರು ನಾಲ್ಕು ನೂರು ವರ್ಷ ನಡೆದುಬಂದಿತ್ತು. ಎರಡನೆಯ ಶತಮಾನದ ಕೊನೆಗೆ ಅದು ಒಳಗೇ ಕೊಳೆಯಿತು. ಅರಮನೆಯಲ್ಲಿ ನಪುಂಸಕ ಅಧಿಕಾರಿಗಳ ದರ್ಬಾರು, ಹೊರಗೆ ಜಮೀನುದಾರ ಮನೆತನಗಳ ದರ್ಬಾರು, ನಡುವೆ ರೈತ. 184ರಲ್ಲಿ ಲಕ್ಷಾಂತರ ರೈತರು ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡು ದಂಗೆಯೆದ್ದರು. ದಂಗೆಯನ್ನು ಅಡಗಿಸಲು ಹೊರಟ ದಂಡನಾಯಕರು ತಮ್ಮ ಕೈಗೆ ಬಂದ ದಂಡನ್ನು ಮತ್ತೆ ಒಪ್ಪಿಸಲಿಲ್ಲ. ಪ್ರಾಂತಕ್ಕೊಬ್ಬ ಪಾಳೆಯಗಾರನಾದ. 189ರಲ್ಲಿ ಡಾಂಗ್ ಝುವೊ ಎಂಬ ಗಡಿನಾಡ ದಂಡನಾಯಕ ರಾಜಧಾನಿಗೆ ನುಗ್ಗಿ, ಒಬ್ಬ ಹುಡುಗನನ್ನು ಸಿಂಹಾಸನದಿಂದ ಇಳಿಸಿ ಅವನಿಗಿಂತ ಚಿಕ್ಕ ಹುಡುಗನನ್ನು ಕೂರಿಸಿದ. ಮರುವರ್ಷ ಲೊಯಾಂಗ್ ನಗರವನ್ನೇ ಸುಟ್ಟು, ಜನರನ್ನು ದನಗಳಂತೆ ಪಡುವಣಕ್ಕೆ ಅಟ್ಟಿಕೊಂಡು ಹೋದ.

ಷುನ್ ಯೂ ಹುಟ್ಟಿದ್ದು 163ರಲ್ಲಿ, ಇಂದಿನ ಹೆನಾನ್ ಪ್ರಾಂತಕ್ಕೆ ಸೇರಿದ ಯಿಂಗ್‌ಚುವಾನ್ ಸೀಮೆಯಲ್ಲಿ. ವಿದ್ಯಾವಂತರ ಮನೆತನ. ತಾತ ದೊಡ್ಡ ಪಂಡಿತ, ತಾತನ ಎಂಟು ಗಂಡುಮಕ್ಕಳೂ ಹೆಸರಾದವರು. ಡಾಂಗ್ ಝುವೊ ರಾಜಧಾನಿಗೆ ಬಂದಾಗ ಷುನ್ ಯೂ ಅಲ್ಲಿ ಸಣ್ಣ ಅಧಿಕಾರಿ. ಹೊರಗೊಂದು ಊರಿಗೆ ವರ್ಗ ಕೇಳಿ ಪಡೆದ. ವರ್ಗವಾದ ಊರಿನ ಕೆಲಸವನ್ನೂ ಬಿಟ್ಟು ತನ್ನ ಸೀಮೆಗೆ ಹೋದ. ಊರ ಹಿರಿಯರನ್ನು ಸೇರಿಸಿ, ನಮ್ಮದು ನಾಲ್ಕೂ ದಿಕ್ಕಿನಿಂದ ದಂಡು ನುಗ್ಗುವ ನೆಲ, ದೇಶ ಕದಡಿದರೆ ಮೊದಲು ತುಳಿತಕ್ಕೆ ಸಿಗುವವರು ನಾವೇ, ಬೇಗ ಹೊರಡೋಣ ಎಂದು ತಿಳಿಯಹೇಳಿದ. ಉತ್ತರದ ಪ್ರಾಂತಾಧಿಕಾರಿ ಇವರನ್ನು ಕರೆದೊಯ್ಯಲು ಕುದುರೆ ಸವಾರರನ್ನೂ ಕಳಿಸಿದ್ದ. ಆದರೆ ಊರವರು ಯಾರೂ ಹೊರಡಲಿಲ್ಲ.

ಏಕೆ ಹೊರಡಲಿಲ್ಲ? ಗೆಳೆಯರೆ, ಇದನ್ನು ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತಿದ ಹೊಲ, ಹೂತ ಹಿರಿಯರು, ಕಟ್ಟಿದ ಗೋಡೆ, ಇವನ್ನು ಬಿಟ್ಟು ರೈತ ಯಾವ ದೇಶಕ್ಕೆ ಹೋಗುತ್ತಾನೆ? ಹೋಗಿ ಏನನ್ನು ಉಣ್ಣುತ್ತಾನೆ? ಷುನ್ ಯೂ ತನ್ನ ಬಂಧುಬಳಗವನ್ನು ಮಾತ್ರ ಕರೆದುಕೊಂಡು ಉತ್ತರಕ್ಕೆ ಹೋದ. ಸ್ವಲ್ಪ ಕಾಲದಲ್ಲೇ ಡಾಂಗ್ ಝುವೊನ ದಂಡು ಆ ಸೀಮೆಗೆ ನುಗ್ಗಿತು. ಉಳಿದವರಲ್ಲಿ ಬಹುಮಂದಿ ಕೊಲೆಗೆ, ಲೂಟಿಗೆ ಸಿಕ್ಕಿದರು. ಈ ಸಂಗತಿಯನ್ನು ನೆನಪಿಡಿ. ಷುನ್ ಯೂ ಮುಂದೆ ಮಾಡಿದ್ದಕ್ಕೆಲ್ಲ, ನಮ್ಮ ಎಣಿಕೆಯಲ್ಲಿ, ಬೇರು ಇಲ್ಲಿದೆ. ಒಂದು ದೊರೆತನ, ಒಂದು ಕಾನೂನು ಮತ್ತೆ ನೆಲೆಗೊಳ್ಳದೆ ಈ ಕೊಲೆ ನಿಲ್ಲದು ಎಂಬುದು ಅವನ ನಂಬಿಕೆಯಾಯಿತು. ಆ ದೊರೆತನಕ್ಕೆ ಅವನು ಕೊಟ್ಟ ಹೆಸರು ಹಾನ್.

ಉತ್ತರಕ್ಕೆ ಹೋಗಿ ನೋಡಿದರೆ, ಕರೆಸಿಕೊಂಡ ಅಧಿಕಾರಿಯ ಪ್ರಾಂತವನ್ನು ಯುವಾನ್ ಷಾವ್ ಆಗಲೇ ಕಿತ್ತುಕೊಂಡಿದ್ದ. ಯುವಾನ್ ಷಾವ್ ಅಂದಿನ ಚೀನದ ಮೊದಲ ಸಾಲಿನ ಮನೆತನದವನು. ಷುನ್ ಯೂವನ್ನು ಆದರಿಸಿದ, ಉನ್ನತ ಅತಿಥಿಯ ಸ್ಥಾನ ಕೊಟ್ಟ. ಷುನ್ ಯೂ ಒಡಹುಟ್ಟಿದವನೇ ಅಲ್ಲಿ ಸೇವೆಯಲ್ಲಿದ್ದ. ಆದರೂ ಈ ಮನುಷ್ಯನಿಂದ ದೊಡ್ಡ ಕೆಲಸ ಸಾಗದು ಎಂದು ಷುನ್ ಯೂ ಅಳೆದ. 191ರಲ್ಲಿ ಅವನನ್ನು ಬಿಟ್ಟು, ಆಗಿನ್ನೂ ಒಂದು ಸಣ್ಣ ಸೀಮೆಯ ಒಡೆಯನಾಗಿದ್ದ ತ್ಸಾವ್ ತ್ಸಾವ್ ಬಳಿಗೆ ಬಂದ. ಷುನ್ ಯೂಗೆ ಇಪ್ಪತ್ತೊಂಬತ್ತನೆಯ ವಯಸ್ಸು ನಡೆಯುತ್ತಿತ್ತು. ಹಾನ್ ವಂಶದ ಮೂಲಪುರುಷನಿಗೆ ಜಾಂಗ್ ಲಿಯಾಂಗ್ ಎಂಬ ಮಂತ್ರಿಯಿದ್ದ. ನಮ್ಮಲ್ಲಿ ಚಾಣಕ್ಯನಿಗಿರುವ ಹೆಸರು ಅಲ್ಲಿ ಅವನಿಗೆ. ತ್ಸಾವ್ ತ್ಸಾವ್ ಹಿಗ್ಗಿ, ತನಗೆ ತನ್ನ ಜಾಂಗ್ ಲಿಯಾಂಗ್ ಸಿಕ್ಕಿದನೆಂದು ಹೇಳಿದನಂತೆ.

ಈ ತ್ಸಾವ್ ತ್ಸಾವ್ ಎಂಥವನು? ಅವನ ತಂದೆ ಒಬ್ಬ ನಪುಂಸಕ ಅಧಿಕಾರಿಗೆ ದತ್ತುಮಗ. ಆದಕಾರಣ ದೊಡ್ಡ ಮನೆತನದವರು ಅವನನ್ನು ಕೀಳಾಗಿ ಕಂಡರು. ಅವನು ದಂಡನಾಯಕ, ಕವಿ, ಕೆಲಸಗಾರ. ಕುಲ ನೋಡದೆ ಯೋಗ್ಯತೆ ನೋಡಿ ಜನರನ್ನು ಆರಿಸಿದ. 192ರಲ್ಲಿ ಶರಣಾದ ಹಳದಿ ವಸ್ತ್ರದ ದಂಗೆಕೋರರಲ್ಲಿ ಮೂರು ಲಕ್ಷ ಸೈನಿಕರನ್ನು ಒಪ್ಪಿಸಿಕೊಂಡನೆಂದು ಇತಿಹಾಸ ಬರೆದಿದೆ. ಜೊತೆಗೆ ಅವನು ಕ್ರೂರಿ. 193ರಲ್ಲಿ ಅವನ ತಂದೆ ಷು ಪ್ರಾಂತದ ಗಡಿಯಲ್ಲಿ ಕೊಲೆಯಾದ. ಸೇಡಿಗೆಂದು ಆ ಪ್ರಾಂತದ ಮೇಲೆ ಬಿದ್ದು, ಏನೂ ಅರಿಯದ ಊರೂರುಗಳ ಜನರನ್ನು ಕಡಿಸಿದ. ಹೆಣ ತುಂಬಿ ಸ್ಸು ಹೊಳೆಯ ನೀರು ಕಟ್ಟಿನಿಂತಿತೆಂದು ಹಳೆಯ ಗ್ರಂಥಗಳು ಹೇಳುತ್ತವೆ.

194ರಲ್ಲಿ ಅವನು ಎರಡನೆಯ ಸಲ ಆ ಪ್ರಾಂತದ ಮೇಲೆ ಹೋಗಿದ್ದಾಗ ಹಿಂದಿನ ನೆಲೆಯನ್ನು ಕಾಯುತ್ತಿದ್ದವನು ಷುನ್ ಯೂ. ಆಗ ತ್ಸಾವ್ ತ್ಸಾವ್‌ನ ಸ್ವಂತ ಗೆಳೆಯನೇ ತಿರುಗಿಬಿದ್ದು ಲೂ ಬೂ ಎಂಬ ಶೂರನನ್ನು ಕರೆತಂದ. ದಂಡಿಗೆ ದಿನಸಿ ಒದಗಿಸಿ, ಲೂ ಬೂ ನಿಮ್ಮ ಒಡೆಯನಿಗೆ ನೆರವಾಗಲು ಬಂದಿದ್ದಾನೆ ಎಂದು ಷುನ್ ಯೂಗೆ ಹೇಳಿಕಳಿಸಿದ. ಷುನ್ ಯೂ ಮೋಸವನ್ನು ಅರಿತು ಕೋಟೆ ಬಾಗಿಲು ಭದ್ರಪಡಿಸಿದ. ಇಡೀ ಪ್ರಾಂತ ಕೈಬಿಟ್ಟಿತು. ಉಳಿದದ್ದು ಮೂರೇ ಕೋಟೆ. ಅಷ್ಟರಲ್ಲಿ ನೆರೆಪ್ರಾಂತದ ಅಧಿಕಾರಿ ಹಲವು ಹತ್ತು ಸಾವಿರ ದಂಡಿನೊಡನೆ ಕೋಟೆಯ ಬುಡಕ್ಕೆ ಬಂದು, ಷುನ್ ಯೂ ಒಬ್ಬನನ್ನೇ ನೋಡಬೇಕೆಂದ. ಹೋಗಬೇಡಿ ಎಂದು ಜೊತೆಯ ದಂಡನಾಯಕರು ತಡೆದರು. ಈತ ಇಷ್ಟು ಬೇಗ ಬಂದಿರುವುದನ್ನು ನೋಡಿದರೆ ಆ ಕಡೆಯವರೊಡನೆ ಒಪ್ಪಂದ ಗಟ್ಟಿಯಾಗಿಲ್ಲ, ಈಗಲೇ ಹೋಗಿ ಮಾತಾಡಿದರೆ ನಮ್ಮ ಕಡೆಗೆ ಬಾರದಿದ್ದರೂ ತಟಸ್ಥನಾದಾನು, ಶಂಕಿಸಿ ಕೂತರೆ ಸಿಟ್ಟಿಗೆದ್ದು ಶತ್ರುವಾಗುತ್ತಾನೆ ಎಂದು ಷುನ್ ಯೂ ಹೇಳಿ ಹೊರಗೆ ಹೋದ. ಅವನ ಮುಖದಲ್ಲಿ ಅಂಜಿಕೆ ಕಾಣದೆ, ಈ ಕೋಟೆ ಸುಲಭಕ್ಕೆ ದಕ್ಕದೆಂದು ಎಣಿಸಿ ಆ ದಂಡು ಹಿಂದಿರುಗಿತು. ಕತ್ತಿ ಹಿಡಿಯದವನು ಒಂದು ಪ್ರಾಂತವನ್ನು ಉಳಿಸಿಕೊಟ್ಟ ಬಗೆ ಇದು.

ಮರುವರ್ಷ ತ್ಸಾವ್ ತ್ಸಾವ್ ಲೂ ಬೂವನ್ನು ಬಿಟ್ಟು ಮತ್ತೆ ಷು ಪ್ರಾಂತಕ್ಕೇ ನುಗ್ಗಬೇಕೆಂದ. ಷುನ್ ಯೂ ಬೇಡವೆಂದ. ಮೊದಲು ಬೇರು ಇಳಿಯಲಿ, ಈ ನೆಲದಲ್ಲಿ ಗೋಧಿ ಮಾಗಿದೆ, ಅದನ್ನು ಕೊಯ್ದು ದಾಸ್ತಾನು ಮಾಡಿ ಲೂ ಬೂವನ್ನು ಮುರಿಯಿರಿ ಎಂದ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ. ಹಿಂದಿನ ದಂಡಯಾತ್ರೆಯಲ್ಲಿ ಆ ಜನಕ್ಕೆ ಕಠೋರ ಶಿಕ್ಷೆಯಾಗಿದೆ, ಮಕ್ಕಳು ತಮ್ಮಂದಿರು ತಂದೆ ಅಣ್ಣಂದಿರಿಗಾದ ಅವಮಾನವನ್ನು ಮರೆತಿಲ್ಲ, ಪ್ರತಿಯೊಬ್ಬನೂ ಕೊನೆಯವರೆಗೆ ಹೋರಾಡುತ್ತಾನೆ, ಆದ್ದರಿಂದ ಗೆದ್ದರೂ ಹಿಡಿತ ಸಿಕ್ಕದು ಎಂದ. ತ್ಸಾವ್ ತ್ಸಾವ್ ಕೇಳಿದ, ಗೋಧಿ ಕೊಯ್ಸಿದ, ಲೂ ಬೂವನ್ನು ಓಡಿಸಿದ.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಸಲಹೆ ಸರಿ, ಫಲ ಒಳ್ಳೆಯದು, ಮತ್ತೊಂದು ಕೊಲೆ ತಪ್ಪಿತು. ಆದರೆ ಆ ಮಾತಿನ ಧಾಟಿಯನ್ನು ಗಮನಿಸಿ. ಜನರನ್ನು ಕಡಿದದ್ದು ಪಾಪ ಎಂದು ಷುನ್ ಯೂ ಹೇಳಲಿಲ್ಲ. ಕಡಿದದ್ದರಿಂದ ಲೆಕ್ಕಕ್ಕೆ ನಷ್ಟ ಎಂದ. ಒಡೆಯನ ಕಿವಿಗೆ ಹಿಡಿಸುವಂತೆ ಮಾತನ್ನು ಹದ ಮಾಡಿದ. ಬುದ್ಧಿವಂತನ ಮಾತು ಅದು. ನಾವೆಲ್ಲರೂ ಹಾಗೆ ಮಾತಾಡಿದವರೇ. ಅದಕ್ಕೆ ಕೊಡಬೇಕಾದ ಬೆಲೆ ಮುಂದೆ ತಿಳಿಯುತ್ತದೆ.

196ರಲ್ಲಿ ಚಕ್ರವರ್ತಿ ಷಿಯನ್, ಡಾಂಗ್ ಝುವೊ ಕೂರಿಸಿದ್ದ ಆ ಹುಡುಗ, ತನ್ನನ್ನು ಹಿಡಿದಿಟ್ಟಿದ್ದವರಿಂದ ತಪ್ಪಿಸಿಕೊಂಡು ಸುಟ್ಟ ಲೊಯಾಂಗಿಗೆ ಬಂದ. ಅಧಿಕಾರಿಗಳು ಗೋಡೆಗಳ ಸಂದಿನಲ್ಲಿ ಮಲಗಿ, ಕಾಡುಸೊಪ್ಪು ಕಿತ್ತು ತಿಂದರು. ಕೆಲವರು ಹಸಿದು ಸತ್ತರು. ಅವನನ್ನು ಕರೆತರುವುದು ಮೈಮೇಲೆ ಭಾರ ಎಳೆದುಕೊಂಡಂತೆ ಎಂದು ತ್ಸಾವ್ ತ್ಸಾವ್‌ನ ಮಂದಿ ಹಿಂಜರಿದರು. ಷುನ್ ಯೂ ಮಾತ್ರ, ಜನರ ಮನಸ್ಸು ಇನ್ನೂ ಹಾನ್ ಕಡೆಗಿದೆ, ಅವನನ್ನು ಗೌರವದಿಂದ ಕರೆತರುವುದೇ ಧರ್ಮ, ಅದೇ ನೀತಿ, ತಡಮಾಡಿದರೆ ಬೇರೆಯವನು ಕರೆದೊಯ್ಯುತ್ತಾನೆ ಎಂದ. ತ್ಸಾವ್ ತ್ಸಾವ್ ಹೋಗಿ ಚಕ್ರವರ್ತಿಯನ್ನು ಷು ಎಂಬ ಊರಿಗೆ ಕರೆತಂದ. ಮೊದಲು ಹೇಳಿದ ಷು ಪ್ರಾಂತ ಬೇರೆ, ಈ ಊರು ಬೇರೆ. ಇದು ಷುನ್ ಯೂ ಹುಟ್ಟಿದ ಸೀಮೆಯಲ್ಲೇ ಇರುವ ಊರು. ಅಲ್ಲಿ ಹೊಸ ರಾಜಧಾನಿಯಾಯಿತು. ಷುನ್ ಯೂ ಚಕ್ರವರ್ತಿಯ ಕಚೇರಿಯ ಮುಖ್ಯಸ್ಥನಾದ.

ಅದೇ ವರ್ಷ ಇನ್ನೊಂದು ಕೆಲಸ ನಡೆಯಿತು. ಅದರ ಸಲಹೆ ಷುನ್ ಯೂನದಲ್ಲ, ಜಾವೊ ಝಿ ಮತ್ತು ಹಾನ್ ಹಾವ್ ಎಂಬ ಇಬ್ಬರದು. ಯುದ್ಧದಿಂದ ಬೀಳುಬಿದ್ದ ಹೊಲಗಳಿಗೆ ನೆಲೆಯಿಲ್ಲದ ಜನರನ್ನು ತಂದು ಕೂರಿಸಿ ಸರ್ಕಾರದ ಬೇಸಾಯ ನಡೆಸಿದರು. ಮೊದಲ ಸುಗ್ಗಿಗೇ ಹತ್ತು ಲಕ್ಷ ಅಳತೆ ಧಾನ್ಯ ಬಂತು. ದಂಡಿಗೆ ಅನ್ನ ಸಿಕ್ಕಿತು, ಅಲೆಯುತ್ತಿದ್ದವರಿಗೂ ಒಂದು ನೆಲೆ ಸಿಕ್ಕಿತು. ಆದರೆ ಗೇಣಿ ಎಷ್ಟು? ಸ್ವಂತ ಎತ್ತಿದ್ದವನಿಗೆ ಅರ್ಧಪಾಲು. ಸರ್ಕಾರದ ಎತ್ತು ಕಟ್ಟಿದವನಿಗೆ ಹತ್ತರಲ್ಲಿ ನಾಲ್ಕು ಪಾಲು. ಅರ್ಧಪಾಲಿನ ಗೇಣಿ ಎಂದರೇನೆಂದು ಈ ಸಭೆಯಲ್ಲಿ ಕೂತವರಿಗೆ ಗೊತ್ತು. ಸಾಮ್ರಾಜ್ಯಗಳನ್ನು ಕಟ್ಟಿದ ಕಥೆಯಲ್ಲಿ ಈ ಅರ್ಧಪಾಲನ್ನು ಮರೆಯಬಾರದು.

ಇನ್ನು ಮುಂದೆ ಹದಿನಾರು ವರ್ಷ ಒಡೆಯ ಯುದ್ಧಭೂಮಿಯಲ್ಲಿ, ಮಂತ್ರಿ ರಾಜಧಾನಿಯಲ್ಲಿ. ಪತ್ರಗಳು ಹೋಗುತ್ತಿದ್ದವು, ಬರುತ್ತಿದ್ದವು. ತ್ಸಾವ್ ತ್ಸಾವ್‌ನ ಆಸ್ಥಾನದಲ್ಲಿ ಹೆಸರಾದ ಬಹುಮಂದಿಯನ್ನು ಗುರುತಿಸಿ ತಂದವನು ಷುನ್ ಯೂ. ಬಂದ ಸಂಬಳ, ಉಡುಗೊರೆಗಳನ್ನು ಬಂಧುಮಿತ್ರರಿಗೆ ಹಂಚಿ ಮನೆಯಲ್ಲಿ ಏನನ್ನೂ ಕೂಡಿಡಲಿಲ್ಲ. ರಾಜ್ಯದ ಮೂರು ಅತ್ಯುನ್ನತ ಪದವಿಗಳಲ್ಲಿ ಒಂದನ್ನು ಕೊಡಲು ತ್ಸಾವ್ ತ್ಸಾವ್ ಮುಂದಾದಾಗ ಹತ್ತಾರು ಸಲ ಬೇಡವೆಂದ. ಒಡೆಯನ ಮಗಳು ಅವನ ಹಿರಿಯ ಮಗನಿಗೆ ಹೆಂಡತಿಯಾಗಿ ಬಂದಳು; ಇಬ್ಬರೂ ಬೀಗರಾದರು.

200ರಲ್ಲಿ ಯುವಾನ್ ಷಾವ್ ಉತ್ತರದಿಂದ ದೊಡ್ಡ ದಂಡಿನೊಡನೆ ಇಳಿದುಬಂದ. ಗುವಾನ್‌ದು ಎಂಬಲ್ಲಿ ತಿಂಗಳುಗಟ್ಟಲೆ ಎರಡು ದಂಡುಗಳೂ ಎದುರುಬದುರು ನಿಂತವು. ತ್ಸಾವ್ ತ್ಸಾವ್‌ನ ಕಣಜ ಬರಿದಾಯಿತು. ಹಿಂದೆ ಸರಿಯಲೇ ಎಂದು ಷುನ್ ಯೂಗೆ ಬರೆದ. ನಿಮ್ಮ ದಂಡು ಅವರ ಹತ್ತನೇ ಒಂದು ಪಾಲು, ಆದರೂ ಅರ್ಧ ವರ್ಷದಿಂದ ಅವರ ಗಂಟಲು ಹಿಡಿದು ನಿಂತಿದ್ದೀರಿ, ಈಗ ಮೊದಲು ಸರಿದವನೇ ಸೋತಂತೆ, ಪರಿಸ್ಥಿತಿ ಬದಲಾಗುವ ಹೊತ್ತು ಬಂದಿದೆ ಎಂದು ಷುನ್ ಯೂ ಮರುಬರೆದ. ತ್ಸಾವ್ ತ್ಸಾವ್ ನಿಂತ. ಎದುರಾಳಿಯ ಕಡೆಯ ಒಬ್ಬ ಸಲಹೆಗಾರ ತನ್ನ ಮನೆಯವರನ್ನು ಸೆರೆಗೆ ಹಾಕಿದರೆಂದು ಸಿಟ್ಟಿನಿಂದ ಓಡಿಬಂದು, ಧಾನ್ಯದ ದಾಸ್ತಾನು ಎಲ್ಲಿದೆಯೆಂದು ತೋರಿಸಿಕೊಟ್ಟ. ಹೀಗಾದೀತೆಂದು ಷುನ್ ಯೂ ಮೊದಲೇ ಎಣಿಸಿದ್ದ. ತ್ಸಾವ್ ತ್ಸಾವ್ ರಾತ್ರಿಯಲ್ಲಿ ಹೋಗಿ ದಾಸ್ತಾನು ಸುಟ್ಟ. ಯುವಾನ್ ಷಾವ್‌ನ ದಂಡು ಚೆಲ್ಲಾಪಿಲ್ಲಿಯಾಯಿತು.

ಸೋತವನ ಕಡೆಯಲ್ಲೂ ಒಬ್ಬ ನಿಷ್ಠಾವಂತ ಮಂತ್ರಿಯಿದ್ದ. ತಿಯೆನ್ ಫೆಂಗ್ ಅವನ ಹೆಸರು. ಈಗ ಯುದ್ಧ ಬೇಡ, ನೆಲ ಉತ್ತು ಬಲ ಕೂಡಿಸಿ, ಎಡಬಲದಿಂದ ಕಾಟ ಕೊಡುತ್ತಿದ್ದರೆ ಮೂರು ವರ್ಷದೊಳಗೆ ಕೂತಲ್ಲೇ ಗೆಲ್ಲಬಹುದು ಎಂದು ಬಿಡದೆ ವಾದಿಸಿದ. ದಂಡಿನ ಧೈರ್ಯ ಕೆಡಿಸುತ್ತಾನೆಂದು ಯುವಾನ್ ಷಾವ್ ಅವನನ್ನು ಸೆರೆಗೆ ತಳ್ಳಿದ. ಸೋಲಿನ ಸುದ್ದಿ ಬಂದಾಗ, ಇನ್ನು ನಿಮಗೆ ಮರ್ಯಾದೆ ಸಿಗುತ್ತದೆ ಎಂದು ಯಾರೋ ಸಮಾಧಾನ ಹೇಳಿದರು. ಗೆದ್ದಿದ್ದರೆ ಉಳಿಯುತ್ತಿದ್ದೆ, ಸೋತದ್ದರಿಂದ ಇನ್ನು ಬದುಕುವ ಆಸೆಯಿಲ್ಲ ಎಂದು ಅವನು ಉತ್ತರ ಕೊಟ್ಟ. ಹಾಗೆಯೇ ಆಯಿತು. ಅವನ ಮಾತು ಕೇಳದೆ ನಗೆಪಾಟಲಾದೆನಲ್ಲ ಎಂದು ನಾಚಿದ ಒಡೆಯ ಅವನನ್ನು ಕೊಲ್ಲಿಸಿದ. ಮಂತ್ರಿಯ ಮಾತು ಸುಳ್ಳಾದದ್ದಕ್ಕಲ್ಲ, ನಿಜವಾದದ್ದಕ್ಕೆ ಶಿಕ್ಷೆ!

ಗೆದ್ದವನ ಕಡೆ ಏನಾಯಿತು? ಯುವಾನ್ ಷಾವ್‌ನ ಡೇರೆಯಲ್ಲಿ, ತ್ಸಾವ್ ತ್ಸಾವ್‌ನ ಸ್ವಂತ ಜನ ಗುಟ್ಟಾಗಿ ಬರೆದ ಪತ್ರಗಳ ಕಟ್ಟು ಸಿಕ್ಕಿತು. ಅಂದು ನನಗೇ ನನ್ನ ಉಳಿವಿನ ಭರವಸೆ ಇರಲಿಲ್ಲ, ಉಳಿದವರನ್ನು ಏನನ್ನಲಿ ಎಂದು ಅವನು ಅವನ್ನೆಲ್ಲ ಸುಡಿಸಿದ. 207ರಲ್ಲಿ ಬಡಗಣ ಗಡಿಯಾಚೆ ವುಹ್ವಾನ್ ಜನರ ಮೇಲೆ ಹೋಗಿ ಗೆದ್ದು ಬಂದ ಮೇಲೆ, ಆ ದಂಡಯಾತ್ರೆ ಬೇಡವೆಂದಿದ್ದವರನ್ನು ಹುಡುಕಿಸಿದ. ಅವರು ನಡುಗುತ್ತ ಬಂದರು. ನಾನು ಗೆದ್ದದ್ದು ಅದೃಷ್ಟ, ನಿಮ್ಮ ಸಲಹೆಯೇ ಸರಿಯಾಗಿತ್ತು, ಮುಂದೆಯೂ ಹೀಗೆಯೇ ಹೇಳಿ ಎಂದು ಬಹುಮಾನ ಕೊಟ್ಟು ಕಳಿಸಿದ. ಇಂಥ ಒಡೆಯನಿಗೆ ಯಾರು ತಾನೆ ದುಡಿಯುವುದಿಲ್ಲ?

ಆದರೆ ಕೇಳಿ. ಅದಕ್ಕೆ ಐದು ವರ್ಷ ಕಳೆಯಿತು. ಅಷ್ಟರಲ್ಲಿ ಅವನು ಮಹಾಮಂತ್ರಿಯಾಗಿದ್ದ. 210ರಲ್ಲಿ ಹೊರಡಿಸಿದ ಒಂದು ಪ್ರಕಟಣೆಯಲ್ಲಿ, ನಾನಿಲ್ಲದಿದ್ದರೆ ಈ ದೇಶದಲ್ಲಿ ಎಷ್ಟು ಮಂದಿ ತಾವೇ ಚಕ್ರವರ್ತಿಗಳೆಂದು ಸಾರಿಕೊಳ್ಳುತ್ತಿದ್ದರೋ ಎಂದು ಕೇಳಿದ್ದ. ದಂಡನ್ನು ಬಿಟ್ಟುಕೊಟ್ಟು ಮನೆಗೆ ಹೋಗಲಾರೆ, ಹೋದರೆ ನನಗೂ ಕೇಡು, ರಾಜ್ಯಕ್ಕೂ ಕೇಡು ಎಂದೂ ಬರೆದಿದ್ದ. ನನ್ನ ಕ್ಷೇಮವೇ ದೇಶದ ಕ್ಷೇಮ ಎನ್ನುವ ಈ ಮಾತನ್ನು ಯಾವ ಕಾಲದ ಅಧಿಕಾರಸ್ಥ ಆಡಿಲ್ಲ? 212ರಲ್ಲಿ ಅವನ ಹಿಂಬಾಲಕರು, ತ್ಸಾವ್ ತ್ಸಾವ್‌ಗೆ ಡ್ಯೂಕ್ ಪದವಿಯನ್ನೂ ಒಂಬತ್ತು ವಿಶೇಷ ರಾಜಮರ್ಯಾದೆಗಳನ್ನೂ ಕೊಡಿಸಬೇಕೆಂದು ಹೊರಟರು. ಆ ಒಂಬತ್ತು ಮರ್ಯಾದೆಗಳೆಂದರೆ ಸಿಂಹಾಸನದ ಮೊದಲ ಮೆಟ್ಟಿಲೆಂದು ಆ ದೇಶದಲ್ಲಿ ಓದಿದವರೆಲ್ಲರಿಗೂ ಗೊತ್ತು. ಎರಡು ಶತಮಾನದ ಹಿಂದೆ ವಾಂಗ್ ಮಾಂಗ್ ಎಂಬವನು ಅದೇ ಮೆಟ್ಟಿಲು ಹತ್ತಿ ಹಾನ್ ಗದ್ದುಗೆ ಕಸಿದಿದ್ದ.

ಗುಟ್ಟಾಗಿ ಷುನ್ ಯೂ ಅಭಿಪ್ರಾಯ ಕೇಳಿದರು. ಅವನು ಇಲ್ಲವೆಂದ. ತ್ಸಾವ್ ತ್ಸಾವ್ ದಂಡೆತ್ತಿದ್ದು ರಾಜ್ಯವನ್ನು ಕಾಪಾಡಲು, ದೇಶವನ್ನು ನೆಲೆಗೊಳಿಸಲು. ನಿಷ್ಠೆ, ವಿನಯಗಳನ್ನು ಅವನು ಬಿಡಬಾರದು. ಸಜ್ಜನ ಇನ್ನೊಬ್ಬನನ್ನು ಪ್ರೀತಿಸುವುದೆಂದರೆ ಅವನ ಸದ್ಗುಣವನ್ನು ಕಾಯುವುದು. ಹೀಗೆ ಮಾಡುವುದು ತರವಲ್ಲ ಎಂದ. ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ಮೊತ್ತಮೊದಲ ಬಾರಿಗೆ, ಲಾಭನಷ್ಟದ ಲೆಕ್ಕ ಹಾಕದೆ, ಇದು ತಪ್ಪು ಎಂದು ನೇರವಾಗಿ ನುಡಿದದ್ದನ್ನು ನಾವು ಇಲ್ಲಿ ಕಾಣುತ್ತೇವೆ.

ದಾರಿಯ ವಿಷಯದಲ್ಲಿ ನೂರು ಭಿನ್ನಾಭಿಪ್ರಾಯ ಸಹಿಸಿದ ತ್ಸಾವ್ ತ್ಸಾವ್, ಗುರಿಯ ವಿಷಯದಲ್ಲಿ ಬಂದ ಈ ಒಂದನ್ನು ಸಹಿಸಲಿಲ್ಲ. ಷುನ್ ಯೂವನ್ನು ರಾಜಧಾನಿಯಿಂದ ಹೊರಗೆ ಕರೆಸಿದ. ದಂಡಿಗೆ ಉಪಚಾರ ಹೇಳುವ ನೆಪ. ಬಂದವನನ್ನು ಹಿಂದಕ್ಕೆ ಕಳಿಸದೆ, ಹದಿನಾರು ವರ್ಷ ನಡೆಸಿದ ಕಚೇರಿಯಿಂದ ಬಿಡಿಸಿ ತನ್ನ ದಂಡಿನ ಜೊತೆಗಿಟ್ಟುಕೊಂಡ. ದಂಡು ತೆಂಕಣಕ್ಕೆ ಸಾಗಿತು. ಷುನ್ ಯೂ ಕಾಯಿಲೆಯಿಂದ ಷೌಚುನ್ ಎಂಬ ಊರಿನಲ್ಲಿ ಉಳಿದ, ಅಲ್ಲೇ ತೀರಿಕೊಂಡ. ಐವತ್ತನೆಯ ವಯಸ್ಸು ನಡೆಯುತ್ತಿತ್ತು. ಕೊರಗಿ ಸತ್ತನೆಂದು ಒಂದು ಇತಿಹಾಸ ಬರೆದಿದೆ. ಇನ್ನೊಂದು ಗ್ರಂಥದಲ್ಲಿ ಬೇರೆ ಕಥೆಯಿದೆ. ತ್ಸಾವ್ ತ್ಸಾವ್ ಅವನಿಗೊಂದು ಊಟದ ಡಬ್ಬಿ ಕಳಿಸಿದನಂತೆ. ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ನಿನ್ನ ಪಾಲಿನ ಅನ್ನ ತೀರಿತು ಎಂಬ ಅರ್ಥವನ್ನು ತಿಳಿದು ವಿಷ ಕುಡಿದನಂತೆ. ಯಾವುದೇ ಆಗಲಿ, ಮರುವರ್ಷ, 213ರಲ್ಲಿ, ತ್ಸಾವ್ ತ್ಸಾವ್ ವೇ ಸೀಮೆಯ ಡ್ಯೂಕನಾದ. 216ರಲ್ಲಿ ರಾಜನಾದ. 220ರಲ್ಲಿ ಅವನು ಸತ್ತ ವರ್ಷವೇ ಅವನ ಮಗ ಹಾನ್ ಚಕ್ರವರ್ತಿಯನ್ನು ಇಳಿಸಿ ತಾನು ಕೂತ. ಅರ್ಧ ಶತಮಾನ ಕಳೆಯುವುದರೊಳಗೆ ಅದೇ ಆಸ್ಥಾನದ ಸ್ಸುಮಾ ಮನೆತನದವರು, ಅದೇ ಮೆಟ್ಟಿಲುಗಳನ್ನು ಹತ್ತಿ, ತ್ಸಾವ್ ವಂಶವನ್ನೂ ಇಳಿಸಿದರು.

ಷುನ್ ಯೂ ಯಾರ ಕಡೆಯವನು? ಚೀನದವರು ಇದನ್ನು ಶತಮಾನಗಳ ಕಾಲ ವಾದಿಸಿದ್ದಾರೆ. ತ್ಸಾವ್ ತ್ಸಾವ್‌ನ ಗುಡಿಯಲ್ಲಿ ಅವನಿಗೆ ದುಡಿದ ಇಪ್ಪತ್ತು ಮಂದಿಗೆ ಪೂಜೆಯ ಸ್ಥಾನ ಕೊಟ್ಟಾಗ ಆ ಪಟ್ಟಿಯಲ್ಲಿ ಷುನ್ ಯೂ ಹೆಸರಿರಲಿಲ್ಲ. ಒಬ್ಬ ಇತಿಹಾಸಕಾರ ಅವನ ಚರಿತ್ರೆಯನ್ನು ವೇ ರಾಜ್ಯದವರ ಸಾಲಿನಲ್ಲಿಟ್ಟ. ಐದನೆಯ ಶತಮಾನದ ಫಾನ್ ಯೆ ಅದನ್ನು ಹಾನ್ ರಾಜ್ಯದವರ ಸಾಲಿಗೆ ತಂದ. ಕವಿ ದು ಮು, ಕಳ್ಳನಿಗೆ ಗೋಡೆ ಕೊರೆಯುವುದನ್ನೂ ಪೆಟ್ಟಿಗೆ ಒಡೆಯುವುದನ್ನೂ ಕಲಿಸಿಕೊಟ್ಟು, ಗಂಟು ಹೊರುವಾಗ ಮಾತ್ರ ಕೈಹಚ್ಚದವನು ಕಳ್ಳನಲ್ಲವೆ ಎಂದು ಕೇಳಿದ. ಹನ್ನೊಂದನೆಯ ಶತಮಾನದ ಇತಿಹಾಸಕಾರ ಸ್ಸುಮಾ ಗುವಾಂಗ್ ಅದನ್ನು ಒಪ್ಪಲಿಲ್ಲ. ದೇಶ ಹೊತ್ತಿ ಉರಿಯುವಾಗ ಜನರನ್ನು ಉಳಿಸಬಲ್ಲವನು ತ್ಸಾವ್ ತ್ಸಾವ್ ಒಬ್ಬನೇ, ಅವನನ್ನು ಬಿಟ್ಟು ಷುನ್ ಯೂ ಇನ್ನಾರಿಗೆ ದುಡಿಯಬೇಕಿತ್ತು ಎಂಬುದು ಅವನ ವಾದ.

ನಮಗೆ ದು ಮು ಮಾತು ತೀರ ಕಟುವೆಂದು ತೋರುತ್ತದೆ. ಷುನ್ ಯೂ ಕಳ್ಳನಲ್ಲ. ಆದರೆ ಸ್ಸುಮಾ ಗುವಾಂಗ್ ಮಾತಿನಿಂದಲೂ ಸಮಾಧಾನವಾಗುವುದಿಲ್ಲ. ಅವನು ದುಡಿದದ್ದು ತಪ್ಪಲ್ಲ. ಇಲ್ಲವೆಂದದ್ದು ತಡವಾಯಿತು, ಅದೂ ಒಂದೇ ಕಿವಿಗೆ ಬಿತ್ತು. ಷು ಪ್ರಾಂತದಲ್ಲಿ ಹೊಳೆ ಹೆಣದಿಂದ ಕಟ್ಟಿದಾಗ, 200ರಲ್ಲಿ ಚಕ್ರವರ್ತಿ ಬೇಡಿಕೊಂಡರೂ ಬಿಡದೆ ಅವನ ಬಸುರಿ ರಾಣಿಯನ್ನು ಕೊಂದಾಗ, 208ರಲ್ಲಿ ಹಿರಿಯ ವಿದ್ವಾಂಸ ಕುಂಗ್ ರುಂಗ್‌ನನ್ನು ಸಂಸಾರಸಹಿತ ಕೊಂದಾಗ, ಷುನ್ ಯೂ ಪ್ರತಿಭಟಿಸಿದ ಮಾತು ಅವನ ಚರಿತ್ರೆಯಲ್ಲಿ ಇಲ್ಲ. ಅವನಿಗೆ ಕರುಣೆ ಇರಲಿಲ್ಲವೆ? ಇತ್ತು. 197ರಲ್ಲಿ ಒಬ್ಬ ಹಿರಿಯ ಅಧಿಕಾರಿಯನ್ನು ಸೆರೆಹಿಡಿದಾಗ, ಅವನ ಹೇಳಿಕೆ ಮಾತ್ರ ಪಡೆಯಿರಿ, ಹೊಡೆಯಬೇಡಿ ಎಂದು ಷುನ್ ಯೂ ತನಿಖೆಯವನಿಗೆ ಗುಟ್ಟಾಗಿ ಹೇಳಿಸಿದ್ದ. ಅಂದರೆ ಹಿಂಬಾಗಿಲಿನಿಂದ ಹೋಗಿ ಒಬ್ಬೊಬ್ಬರನ್ನು ಉಳಿಸುವುದು ಅವನ ಪದ್ಧತಿ. ಸಾಯುವ ಮುಂಚೆ ತಾನು ಬರೆದ ಸಲಹೆಯ ಕಾಗದಗಳನ್ನೆಲ್ಲ ಸುಟ್ಟುಹಾಕಿದನೆಂದೂ ಹಳೆಯ ಬರಹವಿದೆ. ಅವುಗಳಲ್ಲಿ ಪ್ರತಿಭಟನೆಯೂ ಇದ್ದಿತೋ ಏನೋ. ಇದ್ದರೆ ಅದು ಅವನ ಜೊತೆಗೇ ಬೂದಿಯಾಯಿತು. ಒಬ್ಬನ ಕಿವಿಯಲ್ಲಿ ಹೇಳಿದ ಸತ್ಯ, ಆ ಒಬ್ಬ ಕೆಟ್ಟಾಗ ಯಾರಿಗೂ ಉಪಯೋಗಕ್ಕೆ ಬಾರದು.

ಇಲ್ಲಿ ನಮ್ಮದೇ ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಮೇಷ್ಟರಾಗಿದ್ದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೆಲವು ಮಕ್ಕಳ ಸಾಲು ಬೇರೆ ಇತ್ತು. ಯಾವ ಮಕ್ಕಳೆಂದು ಹೇಳಬೇಕಾಗಿಲ್ಲ. ಹೆಡ್‌ಮೇಷ್ಟರ ಮನೆಗೆ ಹೋಗಿ ಮೂರು ಸಲ ವಿನಯದಿಂದ ಹೇಳಿದೆವು. ಮೂರು ಸಲವೂ ಕಾಫಿ ಕೊಟ್ಟರು, ನೋಡೋಣ ಎಂದರು. ನಮ್ಮ ಕರ್ತವ್ಯ ಮುಗಿಯಿತೆಂದು ನಾವೂ ಸಮಾಧಾನ ಪಟ್ಟುಕೊಂಡು ಎರಡು ವರ್ಷ ಕಳೆದೆವು. ಕೊನೆಗೆ ಶಾಲೆಯ ಸಮಿತಿಯ ಸಭೆಯಲ್ಲಿ ಎದ್ದು ಹೇಳಿ, ನಡವಳಿ ಪುಸ್ತಕದಲ್ಲಿ ಬರೆಯಲೇಬೇಕೆಂದು ಹಟ ಹಿಡಿದೆವು. ತಿಂಗಳೊಳಗೆ ನಮಗೆ ವರ್ಗವಾಯಿತು. ಆದರೆ ಸಾಲು ಒಂದಾಯಿತು. ಹೇಳುವ ಧೈರ್ಯ ಬಂತೆಂದು ಹೆಮ್ಮೆಪಟ್ಟುಕೊಂಡಿದ್ದೆವು. ಆ ಎರಡು ವರ್ಷ ಮೂಲೆಯ ಸಾಲಿನಲ್ಲಿ ಉಂಡು, ಅಷ್ಟರಲ್ಲಿ ಶಾಲೆ ಬಿಟ್ಟುಹೋದ ಮಕ್ಕಳ ಲೆಕ್ಕವನ್ನು ಯಾರು ಕೊಡಬೇಕು? ಷುನ್ ಯೂ ಕಥೆ ಓದಿದಾಗ ನಮಗೆ ನೆನಪಾದದ್ದು ಆ ಕಾಫಿ.

ಹಾಗಾದರೆ ನಿನ್ನೆಯ ಪ್ರಶ್ನೆಗೆ ಉತ್ತರವೇನು? ನಿಷ್ಠೆ ನಾಯಕನಿಗಲ್ಲ, ಯಾವುದಕ್ಕಾಗಿ ಅವನನ್ನು ನಾಯಕನೆಂದು ಒಪ್ಪಿದೆವೋ ಆ ಕೆಲಸಕ್ಕೆ. ಇಬ್ಬರೂ ಒಂದೇ ದಾರಿಯಲ್ಲಿರುವವರೆಗೆ ವ್ಯತ್ಯಾಸ ಕಾಣುವುದಿಲ್ಲ. ದಾರಿ ಕವಲಾದ ದಿನ ಕಾಣುತ್ತದೆ. ಅಷ್ಟರಲ್ಲಿ ದಂಡು, ಕಣಜ, ಕಚೇರಿ ಎಲ್ಲವನ್ನೂ ಒಬ್ಬನ ಕೈಗೆ ಕಟ್ಟಿಕೊಟ್ಟಿದ್ದರೆ ನಮಗೆ ಉಳಿಯುವುದು ಖಾಲಿ ಡಬ್ಬಿ ಮಾತ್ರ. ಷುನ್ ಯೂ ಒಬ್ಬ ಮನುಷ್ಯನನ್ನು ಬಲಗೊಳಿಸಿದ. ಆ ಮನುಷ್ಯನನ್ನು ತಡೆಯಬಲ್ಲ ಒಂದು ಸಭೆಯನ್ನು ಕಟ್ಟಲಿಲ್ಲ. ಅವನ ಕಾಲದಲ್ಲಿ ಅದು ಸಾಧ್ಯವಿರಲಿಲ್ಲ ಎನ್ನಬಹುದು. ಆ ನೆಪ ನಮಗಿಲ್ಲ. ನಮಗೆ ಸಭೆಯಿದೆ, ಮತವಿದೆ, ನಡವಳಿ ಪುಸ್ತಕವಿದೆ.

ಆದ್ದರಿಂದ ಇಲ್ಲವೆನ್ನಬೇಕಾದಾಗ ಬೇಗ ಅನ್ನಿ, ನಾಲ್ಕು ಜನರ ಮುಂದೆ ಅನ್ನಿ. ಲಾಭನಷ್ಟದ ಬಣ್ಣ ಹಚ್ಚದೆ, ತಪ್ಪನ್ನು ತಪ್ಪೆಂದೇ ಕರೆಯಿರಿ. ನಾಯಕರ ಸ್ಥಾನದಲ್ಲಿ ಕೂತವರಿಗೂ ಒಂದು ಮಾತು. ಗುವಾನ್‌ದು ಸೋತವನು ತಿಯೆನ್ ಫೆಂಗ್‌ನನ್ನು ಕೊಂದ, ಗೆದ್ದವನು ಷುನ್ ಯೂವನ್ನು ಕಳೆದುಕೊಂಡ. ಅಧಿಕಾರ ಸೋತರೂ ಗೆದ್ದರೂ ನಿಜ ಹೇಳಿದವನ ಮೇಲೆ ಮುನಿಯುತ್ತದೆ. ಅದನ್ನು ತಿಳಿದೇ ಕುರ್ಚಿಯಲ್ಲಿ ಕೂರಿ.

ಇಂದಿನ ನಡವಳಿಯನ್ನು ಬರೆಯುತ್ತಿರುವ ಗೆಳೆಯರಲ್ಲಿ ಒಂದು ಬಿನ್ನಹ. ನಮ್ಮ ಭಾಷಣದ ಸಾರವನ್ನು ಬಿಟ್ಟರೂ ಚಿಂತೆಯಿಲ್ಲ. ನಿನ್ನೆ ಸಂಜೆ ಆ ಕಿರಿಯರು ಕೇಳಿದ ಪ್ರಶ್ನೆಯನ್ನೂ, ಯಾರು ಯಾರು ಅವರನ್ನು ಕೂತುಕೋ ಎಂದರೆಂಬುದನ್ನೂ ಬರೆದಿಡಿ. ಕೂತುಕೋ ಎಂದವರಲ್ಲಿ ನಾವೂ ಒಬ್ಬರು.